ಪ್ರೇಮದ ನಡುವೆ ಮೂರನೆಯವರು: ಆರ್.ಕೆ. ನಾರಾಯಣರ ಹಾಸ್ಯ ಮತ್ತು ಮೈಸೂರು

ಪ್ರೇಮಕಥೆಯೊಳಗೆ ನಗು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಪ್ರೇಮಿಗಳ ಕಡೆಗೇ ಕೈ ತೋರಿಸುವುದು ವಾಡಿಕೆ. ಅವರ ತಡವರಿಕೆ, ಅವರ ತಪ್ಪು ತಿಳಿವಳಿಕೆ, ಜಗಳವಾಡುತ್ತಲೇ ಹತ್ತಿರವಾಗುವ ಅವರ ರೀತಿ, ಇವೇ ಪ್ರೇಮಹಾಸ್ಯದ ಬಂಡವಾಳ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಬದುಕಿನ ಬಹುಪಾಲನ್ನು ಮೈಸೂರಿನಲ್ಲಿ ಕಳೆದ ಆರ್.ಕೆ. ನಾರಾಯಣರ (1906–2001) ಕಾದಂಬರಿಗಳಿಗೆ ಈ ಅಳತೆ ಹೊಂದುವುದಿಲ್ಲ. ‘ದಿ ಬ್ಯಾಚುಲರ್ ಆಫ್ ಆರ್ಟ್ಸ್’ ಕಾದಂಬರಿಯ ಚಂದ್ರನ್ ತಾನು ಮನಸೋತ ಮಾಲತಿಯೊಡನೆ ಒಂದು ಮಾತನ್ನೂ ಆಡುವುದಿಲ್ಲ. ಆದರೂ ಆ ಭಾಗ ನಗಿಸುತ್ತದೆ. ಗಂಡಿನ ಕಡೆಯವರು ತಾವಾಗಿ ಹೆಣ್ಣು ಕೇಳಿಕೊಂಡು ಹೋಗಬಾರದೆಂದು ಹಟ ಹಿಡಿಯುವ ತಾಯಿ, ಸಂಧಾನಕ್ಕೆ ಓಡಾಡುವ ಗಣಪತಿ ಶಾಸ್ತ್ರಿಗಳು, ಕೊನೆಗೆ ಎಲ್ಲವನ್ನೂ ಮುರಿಯುವ ಜಾತಕ, ಇವು ನಗಿಸುತ್ತವೆ. ನಾರಾಯಣರ ಪ್ರೇಮಹಾಸ್ಯದ ಮೂಲ ಪ್ರೇಮಿಗಳಲ್ಲ, ಅವರ ನಡುವೆ ಬಂದು ನಿಲ್ಲುವ ಮೂರನೆಯವರು. ಆ ಮೂರನೆಯವರು ಲೇಖಕರಿಗೆ ದೊರೆತದ್ದು ಏಕಾಂತದ ಸ್ಫೂರ್ತಿಯಿಂದಲ್ಲ, ಮೈಸೂರಿನ ಮನೆ, ಬೀದಿ, ಮುದ್ರಣಾಲಯಗಳ ದಿನನಿತ್ಯದ ಒಡನಾಟದಿಂದ. ಇದು ಈ ಲೇಖನದ ವಾದ.

ಜೀವನಚರಿತ್ರೆಯ ಸಾಕ್ಷ್ಯದಿಂದ ಆರಂಭಿಸಬಹುದು. 1933ರಲ್ಲಿ ಅಕ್ಕನ ಮನೆಗೆಂದು ಕೊಯಮತ್ತೂರಿಗೆ ಹೋಗಿದ್ದ ನಾರಾಯಣರು ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ರಾಜಂ ಎಂಬ ಹುಡುಗಿಯನ್ನು ಕಂಡು ಮೆಚ್ಚಿದರು. ಹಿರಿಯರ ಮೂಲಕ ಮಾತು ಹೋಗುವ ಪದ್ಧತಿಯನ್ನು ಬದಿಗಿಟ್ಟು ಹುಡುಗಿಯ ತಂದೆಯನ್ನು ತಾವೇ ಕೇಳಿದರು. ಜಾತಕದಲ್ಲಿ ಕುಜನಿದ್ದಾನೆ, ಕೂಡಿಬರುವುದಿಲ್ಲ ಎಂಬ ಮಾತು ಬಂತು. ಅದನ್ನೂ ದಾಟಿ 1934ರಲ್ಲಿ ಮದುವೆ ನಡೆಯಿತು. ಮೂರು ವರ್ಷಗಳ ನಂತರ ಪ್ರಕಟವಾದ ‘ದಿ ಬ್ಯಾಚುಲರ್ ಆಫ್ ಆರ್ಟ್ಸ್’ನಲ್ಲಿ ಅದೇ ಕುಜ ಮತ್ತೆ ಬರುತ್ತಾನೆ, ಆದರೆ ಇಲ್ಲಿ ಅವನೇ ಗೆಲ್ಲುತ್ತಾನೆ. ಸ್ವಂತ ಅನುಭವವನ್ನು ಹೀಗೆ ತಿರುಗಿಸಿದ್ದರಲ್ಲಿ ಕಾದಂಬರಿಕಾರನ ಆಯ್ಕೆ ಕಾಣುತ್ತದೆ. ತಾನು ಗೆದ್ದ ಪ್ರೇಮವನ್ನೇ ಬರೆದಿದ್ದರೆ ಕಥೆ ನಾಯಕನ ಧೈರ್ಯದ ಕಥೆಯಾಗುತ್ತಿತ್ತು. ಜಾತಕವನ್ನು ಗೆಲ್ಲಿಸಿದ್ದರಿಂದ ಇಡೀ ಊರಿಗೆ ಕಥೆಯೊಳಗೆ ಜಾಗ ಸಿಕ್ಕಿತು. ಸಂನ್ಯಾಸಿಯ ವೇಷದಲ್ಲಿ ಅಲೆದು ಮನೆಗೆ ಮರಳಿದ ಚಂದ್ರನ್ ಪತ್ರಿಕೆಯ ಏಜೆಂಟನಾಗುತ್ತಾನೆ, ಹಿರಿಯರು ನೋಡಿದ ಸುಶೀಲೆಯನ್ನು ಮದುವೆಯಾಗಿ ಅವಳನ್ನೂ ಮನಸಾರೆ ಪ್ರೀತಿಸುತ್ತಾನೆ. ಅವನ ಮೊದಲ ಪ್ರೇಮ ಸುಳ್ಳಾಗಿತ್ತು ಎಂದು ಲೇಖಕರು ಎಲ್ಲಿಯೂ ಹೇಳುವುದಿಲ್ಲ. ಈ ಔದಾರ್ಯ ಇಲ್ಲದಿದ್ದರೆ ಅದೇ ವಸ್ತು ಬರಿಯ ಗೇಲಿಯಾಗುತ್ತಿತ್ತು.

ಇನ್ನು ಬರವಣಿಗೆಯ ದಿನಚರಿ. ಮದುವೆಯ ನಂತರ ಸಂಸಾರ ನಡೆಸಲು ನಾರಾಯಣರು ಮದ್ರಾಸಿನ ‘ಜಸ್ಟಿಸ್’ ಪತ್ರಿಕೆಗೆ ಮೈಸೂರಿನ ವರದಿಗಾರರಾದರು. ಅಚ್ಚಾದ ಸುದ್ದಿಯ ಉದ್ದವನ್ನು ಅಂಗುಲದಲ್ಲಿ ಅಳೆದು ಸಂಭಾವನೆ ಕೊಡುತ್ತಿದ್ದ ಕಾಲ ಅದು. ನ್ಯಾಯಾಲಯ, ಪೊಲೀಸ್ ಠಾಣೆ, ಸಭೆ, ಮಾರುಕಟ್ಟೆಗಳನ್ನು ಸುತ್ತಿ ಸುದ್ದಿ ತರಬೇಕಿತ್ತು. ಮುಂದೆ ಅವರು ‘ಇಂಡಿಯನ್ ಥಾಟ್’ ಎಂಬ ಪತ್ರಿಕೆ ಹೊರಡಿಸಿದಾಗ ಅದನ್ನು ಅಚ್ಚು ಹಾಕಿದ್ದು ಮೈಸೂರಿನ ಸಿಟಿ ಪವರ್ ಪ್ರೆಸ್. ಪತ್ರಿಕೆ ಬೇಗನೆ ನಿಂತುಹೋಯಿತು, ಆದರೆ ಅದರ ಮುದ್ರಕ ಸಂಪತ್ 1949ರ ‘ಮಿಸ್ಟರ್ ಸಂಪತ್’ ಕಾದಂಬರಿಯ ಮುದ್ರಕನಿಗೆ ಮಾದರಿಯಾದರು. ಆ ಕಾದಂಬರಿಯ ಒಂದು ಪ್ರಸಂಗವನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ಮುದ್ರಕ ಸಂಪತ್ ಸಿನಿಮಾಕ್ಕೆ ಇಳಿದು ಕಾಮದಹನದ ಚಿತ್ರ ತೆಗೆಸುತ್ತಾನೆ; ತಾನೇ ಶಿವನ ಪಾತ್ರಕ್ಕೆ ನಿಲ್ಲುತ್ತಾನೆ, ಶಾಂತಿ ಎಂಬ ನಟಿ ಪಾರ್ವತಿಯಾಗುತ್ತಾಳೆ. ಅವಳ ಮುಖದಲ್ಲಿ ತನ್ನ ಕಳೆದುಹೋದ ಪ್ರೇಯಸಿಯನ್ನು ಕಾಣುವ ಚಿತ್ರಕಾರ ರವಿ ಚಿತ್ರೀಕರಣದ ನಡುವೆಯೇ ನುಗ್ಗಿ ಅವಳನ್ನು ಹೊತ್ತುಕೊಂಡು ಹೋಗುತ್ತಾನೆ. ಮನ್ಮಥನನ್ನು ಸುಡಲು ಕಟ್ಟಿದ ರಂಗದಲ್ಲೇ ಮನ್ಮಥನ ಕೈ ಮೇಲಾಗುತ್ತದೆ. ಬಂಡವಾಳ ಹೂಡಿದವರು, ಕ್ಯಾಮೆರಾದವರು, ಸಂಪಾದಕ ಶ್ರೀನಿವಾಸ್, ಎಲ್ಲರೂ ಎದುರಿಗಿದ್ದಾರೆ. ಪುರಾಣ, ಹಣದ ಲೆಕ್ಕ, ಒಬ್ಬನ ಹುಚ್ಚು ಪ್ರೇಮ ಮೂರೂ ಒಂದೇ ಕಡೆ ಸೇರುವ ಈ ದೃಶ್ಯವನ್ನು ಕಟ್ಟಲು ಹಣದ ಮಾತೂ ಮುದ್ರಣದ ಮಾತೂ ನಡೆಯುವ ಜಾಗಗಳಲ್ಲಿ ಕೂತು ಕೇಳಿದವರಿಗೇ ಸಾಧ್ಯ. ನಾರಾಯಣರ ಆತ್ಮಕಥೆ ‘ಮೈ ಡೇಸ್’ (1974) ಇದಕ್ಕೆ ಇನ್ನೊಂದು ಪುರಾವೆ ಕೊಡುತ್ತದೆ. ಯಾದವಗಿರಿಯಲ್ಲಿ ಕಟ್ಟಿಸಿದ ಮನೆಯ ಮಹಡಿಯ ಕೋಣೆಗೆ ಎಂಟು ಕಿಟಕಿಗಳಿದ್ದವು. ಚಾಮುಂಡಿ ಬೆಟ್ಟ, ಗೋಪುರಗಳು, ಓಡುವ ರೈಲು ಎಲ್ಲವೂ ಅಲ್ಲಿಂದ ಕಾಣುತ್ತಿದ್ದವು. ಆ ನೋಟ ಬರೆಯಲು ಬಿಡಲಿಲ್ಲವೆಂದು ಅವರು ಬೂದುಬಣ್ಣದ ಪರದೆ ಎಳೆದುಕೊಂಡು ದಿನಕ್ಕೆ 1,000 ಪದ ಬರೆಯುತ್ತಿದ್ದರು. ಪ್ರಕೃತಿಯ ಚೆಲುವು ಸ್ಫೂರ್ತಿ ಕೊಡುತ್ತದೆ ಎಂಬ ಮಾತನ್ನು ಈ ಪರದೆಯ ಎದುರಿಗಿಟ್ಟು ನೋಡಬೇಕು. ಬೀದಿಯಲ್ಲಿ ನಡೆದು ಕೇಳಿಸಿಕೊಂಡದ್ದು ಮೊದಲೇ ಒಳಗೆ ಸೇರಿತ್ತು.

ಪೂರ್ಣಾರ್ಥದಲ್ಲಿ ಪ್ರೇಮಹಾಸ್ಯವೆನ್ನಬಹುದಾದ ಅವರ ಕೃತಿ ‘ದಿ ಪೇಂಟರ್ ಆಫ್ ಸೈನ್ಸ್’ (1976). ಬೋರ್ಡು ಬರೆಯುವ ರಾಮನ್ ಕುಟುಂಬ ಯೋಜನೆಯ ಕೆಲಸ ಮಾಡುವ ಡೈಸಿಯನ್ನು ಮೆಚ್ಚುತ್ತಾನೆ. ಅವಳ ಜೊತೆ ಹಳ್ಳಿಹಳ್ಳಿಗೆ ಹೋಗಿ ಗೋಡೆಗಳ ಮೇಲೆ ಪ್ರಚಾರದ ಸಾಲು ಬರೆಯುತ್ತಾನೆ. ಇಲ್ಲಿ ಮೂರನೆಯವರು ಇಬ್ಬರು: ಮನೆಯಲ್ಲಿ ಅವನನ್ನು ಸಾಕಿದ ಅತ್ತೆ, ಹೊರಗೆ ದೇಶದ ಜನಸಂಖ್ಯೆ. ಮಗು ಬೇಡ, ಒಂದು ವೇಳೆ ಆದರೂ ಬೇರೆಯವರಿಗೆ ಕೊಟ್ಟುಬಿಡಬೇಕು ಎಂಬುದು ಡೈಸಿಯ ಷರತ್ತು. ಗಂಗೆ ಶಂತನುವಿಗೆ ಹಾಕಿದ ಷರತ್ತಿನ ನೆನಪು ಕಾದಂಬರಿಯಲ್ಲೇ ಬರುತ್ತದೆ. ಈ ವಸ್ತು ತುರ್ತು ಪರಿಸ್ಥಿತಿಯ ಕಾಲದ್ದು, ಮೈಸೂರಿಗೂ ಇದಕ್ಕೂ ಸಂಬಂಧವಿಲ್ಲ ಎನ್ನುವುದು ದುಡುಕಿನ ತೀರ್ಮಾನ. ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯುವುದು ಲೋಕದಲ್ಲೇ ಹೊಸದಾಗಿದ್ದ 1930ರಲ್ಲಿ ಮೈಸೂರು ಸಂಸ್ಥಾನ ಆ ಹೆಜ್ಜೆ ಇಟ್ಟಿತ್ತು. ಊರ ಹಿತದ ಪ್ರಚಾರವೂ ಇಲ್ಲಿಗೆ ಹೊಸದಾಗಿರಲಿಲ್ಲ: ಹುಣಸೂರು ರಸ್ತೆಯ ಇಲವಾಲದಲ್ಲಿ 1957ರ ಸೆಪ್ಟೆಂಬರ್‌ನಲ್ಲಿ ವಿನೋಬಾ ಭಾವೆ ಮತ್ತು ಜವಾಹರಲಾಲ್ ನೆಹರೂ ಸಮ್ಮುಖದಲ್ಲಿ, ಬೇರೆ ಬೇರೆ ಪಕ್ಷಗಳ ನಾಯಕರು ಸೇರಿದ್ದ, ಹಳ್ಳಿಯ ಭೂಮಿಯನ್ನು ಹಳ್ಳಿಗೇ ಒಪ್ಪಿಸುವ ಗ್ರಾಮದಾನದ ಸಮ್ಮೇಳನ ನಡೆಯಿತು. ಇಲವಾಲವೇ ಡೈಸಿಯ ಹಳ್ಳಿಗೆ ಮೂಲವೆಂಬುದು ಇಲ್ಲಿನ ವಾದವಲ್ಲ. ಊರಿನ ಹಿತವನ್ನು ಹೊತ್ತುಕೊಂಡು ಹೊರಗಿನಿಂದ ಬರುವ ಕಾರ್ಯಕರ್ತರು, ಅವರ ಭಾಷಣ, ಅವರ ಅಚಲ ನಂಬಿಕೆ ಮೈಸೂರಿನ ಸುತ್ತಲ ಹಳ್ಳಿಗಳಿಗೆ ಪರಿಚಿತವಾಗಿದ್ದವು ಎಂಬುದಷ್ಟೇ. ಡೈಸಿ ಆ ಪರಂಪರೆಯ ಹೆಣ್ಣು. ಅವಳ ನಿಷ್ಠೆಯನ್ನು ನಾರಾಯಣರು ಎಲ್ಲಿಯೂ ಸುಳ್ಳಾಗಿಸುವುದಿಲ್ಲ. ಕೊನೆಗೆ ಅವಳು ರಾಮನ್‌ನನ್ನು ಬಿಟ್ಟು ಕೆಲಸದ ಕರೆಗೇ ಹೋಗುತ್ತಾಳೆ.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳು ಹಗುರವಲ್ಲ. ರಾಜಂ 1939ರಲ್ಲಿ ಟೈಫಾಯಿಡ್‌ನಿಂದ ತೀರಿಕೊಂಡರು. ಆ ದುಃಖದಿಂದ ಬಂದ ‘ದಿ ಇಂಗ್ಲಿಷ್ ಟೀಚರ್’ (1945) ಪೂರ್ತಿ ಅಂತರಂಗದ ಕೃತಿ, ಆದ್ದರಿಂದ ಸ್ಫೂರ್ತಿಯ ಮೂಲ ಒಳಗಿನ ನೋವೇ ಹೊರತು ಬೀದಿಯಲ್ಲ ಎನ್ನಬಹುದು. ಆದರೆ ಅದೇ ಕಾದಂಬರಿಯ ಮೊದಲ ಭಾಗದಲ್ಲಿ ಗಂಡಹೆಂಡಿರ ಸರಸ ಅರಳುವುದು ಮನೆಖರ್ಚಿನ ಲೆಕ್ಕ, ಹಳೆಯ ಗಡಿಯಾರದ ಜಗಳ, ಬಾಡಿಗೆಮನೆಯ ಹುಡುಕಾಟಗಳ ನಡುವೆ. ಸಾವೂ ಮನೆ ನೋಡಲು ಹೋದ ದಿನವೇ ಒಳಗೆ ಕಾಲಿಡುತ್ತದೆ. ಎರಡನೆಯ ಆಕ್ಷೇಪ ಸ್ಥಳದ್ದು: ‘ದಿ ಗೈಡ್’ (1958) ಬರೆದದ್ದು ಅಮೆರಿಕದ ಬರ್ಕ್ಲಿಯಲ್ಲಿ. ನಿಜ, ಆದರೆ ಅದರ ಬೀಜ ಮೈಸೂರಿನ ಬರಗಾಲದ್ದು. ಮಳೆಗಾಗಿ ಕಾವೇರಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಜಪ ಮಾಡಿದವರ ಸುದ್ದಿಯಿಂದಲೇ ಕಾದಂಬರಿಯ ನಾಯಕ ರಾಜುವಿನ ಉಪವಾಸ ಹುಟ್ಟಿತು. ಲೇಖಕ ವಿ.ಎಸ್. ನೈಪಾಲ್ 1977ರಲ್ಲಿ ಎತ್ತಿದ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ‘ಮಿಸ್ಟರ್ ಸಂಪತ್’ನಂಥ ಕೃತಿಗಳ ನಗು ಲೋಕವನ್ನು ಹಾಗೆಯೇ ಒಪ್ಪಿ ಸುಮ್ಮನಾಗುವ ಮನೋಧರ್ಮದಿಂದ ಬಂದದ್ದು ಎಂಬುದು ಅವರ ನಿಲುವು. ಶ್ರೀನಿವಾಸನ ಚಿಂತನೆಗಳನ್ನಷ್ಟೇ ಓದಿದರೆ ಈ ಮಾತಿಗೆ ಬೆಲೆಯಿದೆ. ಆದರೆ ಕಾದಂಬರಿ ಶ್ರೀನಿವಾಸನ ತಲೆಯೊಳಗೆ ಮುಗಿಯುವುದಿಲ್ಲ. ರವಿಗೆ ಹಿಡಿದದ್ದನ್ನು ಬಿಡಿಸಲು ಮನೆಯವರು ಮಂತ್ರವಾದಿಯನ್ನು ಕರೆಸುತ್ತಾರೆ, ಆ ಹುಡುಗ ಏಟು ತಿನ್ನುತ್ತಾನೆ. ಮೂರನೆಯವರು ನಗಿಸುವುದಷ್ಟೇ ಅಲ್ಲ, ಗಾಯವನ್ನೂ ಮಾಡುತ್ತಾರೆ ಎಂಬುದನ್ನು ನಾರಾಯಣರು ಅಲ್ಲಿ ಮರೆಮಾಚಿಲ್ಲ.

ನಾರಾಯಣರದು ಇಂಗ್ಲಿಷಿನ ಬರವಣಿಗೆ, ಕನ್ನಡಕ್ಕೆ ಅದರಿಂದೇನು ಎಂಬ ಮಾತು ಉಳಿಯುತ್ತದೆ. ಉತ್ತರ ಅದೇ ಊರಿನಲ್ಲಿದೆ. ಚಾಮರಾಜಪುರದಲ್ಲಿ ವಾಸವಾಗಿದ್ದು 1963ರಲ್ಲಿ, 34ರ ಹರೆಯದಲ್ಲೇ ತೀರಿಕೊಂಡ ಕನ್ನಡ ಕಾದಂಬರಿಗಾರ್ತಿ ತ್ರಿವೇಣಿ ‘ಕರ್ಮವೀರ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ‘ಕಾಶೀಯಾತ್ರೆ’ಯಲ್ಲಿ ಒಬ್ಬ ಅಜ್ಜಿ ಕಾಶಿಗೆಂದು ಕೂಡಿಟ್ಟ ಹಣವನ್ನೆಲ್ಲ, ಮನಸೋತವನನ್ನು ಮದುವೆಯಾಗಲು ದುಡ್ಡಿಲ್ಲದ ಅನಾಥ ಹುಡುಗಿಗೆ ಕೊಟ್ಟುಬಿಡುತ್ತಾಳೆ. ‘ದಿ ಪೇಂಟರ್ ಆಫ್ ಸೈನ್ಸ್’ನ ಅತ್ತೆ, ರಾಮನ್ ಡೈಸಿಯನ್ನು ಮದುವೆಯಾಗುತ್ತಾನೆಂದು ತಿಳಿದೊಡನೆ ಗಂಟುಮೂಟೆ ಕಟ್ಟಿಕೊಂಡು ಕಾಶಿಗೆ ಹೊರಡುತ್ತಾಳೆ. ಪ್ರೇಮಕ್ಕಾಗಿ ಕಾಶಿ ಬಿಟ್ಟವಳೊಬ್ಬಳು, ಪ್ರೇಮ ಬಂತೆಂದು ಕಾಶಿಗೆ ಹೋದವಳೊಬ್ಬಳು. ಇಬ್ಬರು ಲೇಖಕರೂ ಯುವಪ್ರೇಮದ ಬೆಲೆಯನ್ನು ಹಿರಿಯ ಹೆಂಗಸಿನ ತೀರ್ಥಯಾತ್ರೆಯಲ್ಲಿ ಎಣಿಸಿದ್ದಾರೆ. ಭಾಷೆ ಬೇರೆಯಾದರೂ ಎಣಿಕೆಯ ಕ್ರಮ ಒಂದೇ. ವ್ಯತ್ಯಾಸ ಇರುವುದು ನಿಲುವಿನಲ್ಲಿ. ನಾರಾಯಣರು ಅತ್ತೆಯನ್ನು ರಾಮನ್‌ನ ಕಣ್ಣಿನಿಂದ ನೋಡುತ್ತಾರೆ. ರಾತ್ರಿಯ ಎತ್ತಿನ ಗಾಡಿಯಲ್ಲಿ ರಾಮನ್ ಮೈಮೇಲೆ ಬೀಳುವನೆಂದು ಡೈಸಿ ಮರವೇರಿ ಕೂತ ಪ್ರಸಂಗವನ್ನೂ ಅವನ ಪೇಚಾಟವಾಗಿಯೇ ಹೆಚ್ಚು ಬರೆಯುತ್ತಾರೆ. ಅವರ ಹಾಸ್ಯದ ನಿಜವಾದ ಕೊರತೆ ಇದು, ನೈಪಾಲ್ ಹೇಳಿದ್ದಲ್ಲ. ತ್ರಿವೇಣಿ ಅಜ್ಜಿಯನ್ನೇ ನಡುವೆ ನಿಲ್ಲಿಸಿ, ಬಿಟ್ಟುಕೊಡುವ ನಿರ್ಧಾರವನ್ನು ಅವಳ ಕೈಗೇ ಕೊಟ್ಟರು.