ಆಲ್ಥಿಯಾಬಾಯಿ ಹಿತ್ತಲದ ಹಕ್ಕಿ ತಕರಾರು

ಹಾಡೋ ಹಕ್ಕಿ ಬಂದು ಗೂಡು ಕಟ್ಟಲಿ ಅಂತ ಈಗ ನಮ್ಮ ಓಣ್ಯಾಗೂ ಹಿತ್ತಲಕ್ಕ ಕಟ್ಟಿಗಿ ಡಬ್ಬಿ ತೂಗು ಹಾಕೋ ಹುಕಿ ಬಂದದ. ಚೊಲೋನ ಆತು. ಆದ್ರ ಈ ಹುಕಿ ಅಮೆರಿಕಾದಾಗ ನೂರು ವರ್ಷದ ಹಿಂದನ ಬಂದಿತ್ತು. ಆಗ ಒಬ್ಬಾಕಿ ಹೆಣ್ಣಮಗಳು ಅದರ ಮ್ಯಾಲ ದೊಡ್ಡ ತಕರಾರು ತಗದಿದ್ಲು. ವೈನಿ, ಮಾವಶಿ, ಆಜೂಬಾಜೂ ಅಕ್ಕಾರು, ಆಕಿ ಕಥಿ ಕೇಳಿ ಆಮ್ಯಾಲ ಮೊಳಿ ಹೊಡೀರಿ.

ಆಕಿ ಹೆಸರು ಆಲ್ಥಿಯಾ ಶೆರ್ಮನ್. ನಾ ಆಲ್ಥಿಯಾಬಾಯಿ ಅಂತನ ಕರೀತೀನಿ. ಹುಟ್ಟಿದ್ದು 1853ರಾಗ, ಒಕ್ಕಲುತನದ ಮನ್ಯಾಗ. ಇದ್ದ ಊರು ಅಯೋವಾ ರಾಜ್ಯದ ನ್ಯಾಷನಲ್. ಹೆಸರಷ್ಟ ದೊಡ್ಡದು, ಊರು ಸಣ್ಣ ಹಳ್ಳಿ. ಒಬರ್ಲಿನ್ ಕಾಲೇಜಿನ್ಯಾಗ ಓದಿ, ಚಿತ್ರಕಲಾ ಕಲ್ತು, ಪರ ಊರಾಗ ಕಲಿಸೋ ಕೆಲಸ ಮಾಡಕೋತ ಇದ್ಲು. 1895ರ ಸುಮಾರಿಗೆ ವಯಸ್ಸಾದ ತಾಯಿ-ತಂದೀನ್ನ ನೋಡ್ಕೊಳ್ಳಿಕ್ಕೆ ವಾಪಸ್ ಬರಬೇಕಾತು. ಲಗ್ನ ಆಗದ ಮಗಳು. ಆಕಿನ್ನ ಬಿಟ್ಟು ಇನ್ನ ಯಾರನ್ನ ಕರೀತಾರ? ನಿಮಗ ಬಿಡಿಸಿ ಹೇಳೋದು ಬ್ಯಾಡ. ತಾಯಿ-ತಂದಿ ಹೋದಮ್ಯಾಲೂ ಆಕಿ ಅಲ್ಲೇ ಉಳದ್ಲು. ಒಡಹುಟ್ಟಿದಾಕಿ ಅಮೀಲಿಯಾ ಡಾಕ್ಟರ್ ಇದ್ಲು, ಇಬ್ಬರೂ ಕೂಡಿ ಇರ್ತಿದ್ರು.

ದೂರ ಹೋಗಲಿಕ್ಕೆ ಆಗದ ಆಕಿ ತನ್ನ ಅಂಗಳ-ಹಿತ್ತಲಾನ ಶಾಲಿ ಮಾಡ್ಕೊಂಡ್ಲು. ಮನಿಗೆಲಸದ ನಡುವ ಕದ್ದು ಹೊತ್ತು ತಗದು ಹಕ್ಕಿ ನೋಡೋದು, ತಾಸು-ನಿಮಿಷ ಹಾಕಿ ಬರಿಯೋದು. ಸಣ್ಣ ಶೀಶಾದಾಗ ಸಕ್ರಿ ಪಾಕ ಹಾಕಿ ಹಮ್ಮಿಂಗ್ ಹಕ್ಕಿಗೆ ಏಳು ಬ್ಯಾಸಗಿ ಉಣಿಸಿ, ಅದನ್ನೂ ಒಂದು ಲೇಖನ ಮಾಡಿದ್ಲು. 1915ರಾಗಂತೂ ಹಿತ್ತಲದಾಗ 28 ಅಡಿ ಎತ್ತರದ ಕಟ್ಟಿಗಿ ಗೋಪುರ ಕಟ್ಟಿಸಿದ್ಲು! ಒಳಗ ಒಂದು ಸುಳ್ಳ ಚಿಮ್ನಿ, ಅದಕ್ಕ ಸುತ್ತು ಮೆಟ್ಟಲು, ಇಣಿಕಿ ನೋಡಲಿಕ್ಕೆ ಕಿಂಡಿ. ಚಿಮ್ನಿಯೊಳಗ ಗೂಡು ಕಟ್ಟೋ ಸ್ವಿಫ್ಟ್ ಹಕ್ಕಿ ಮರಿ ಹೆಂಗ ಸಾಕತಾವ ಅನ್ನೋದನ್ನ ಮಗ್ಗಲಾಗ ನಿಂತು ನೋಡಲಿಕ್ಕೆ ಇಷ್ಟೆಲ್ಲಾ. ಊರ ಮಂದಿ ಏನಂದಿರಬೇಕು, ನೀವ ಅಂದಾಜು ಮಾಡ್ರಿ.

ಈಗ ತಕರಾರಿಗೆ ಬರೋಣು. ಆ ಕಾಲದಾಗ ಹಕ್ಕಿ ಬಂದ್ರ ಬೆಳಿಯ ಹುಳಾ ತಿಂತಾವ ಅಂತ ಸರಕಾರನ ಡಬ್ಬಿ ಹಾಕ್ರಿ ಅಂತಿತ್ತು. 1914ರಾಗ ಅಲ್ಲಿಯ ಕೃಷಿ ಇಲಾಖಾ ಹಕ್ಕಿಮನಿ ಮಾಡೋ ಅಳತಿ ಕೊಟ್ಟು ಪುಸ್ತಕನ ಹಂಚಿತು. ಡಬ್ಬಿಯ ತೂತಿನ ಅಳತ್ಯಾಗನ ಎಲ್ಲಾ ಆಟ ಇರೋದು. ಒಂದೂವರಿ ಇಂಚು ಇಟ್ರ ನೀಲಿ ಬ್ಲೂಬರ್ಡ್ ಬರ್ತದ ಖರೆ, ಅದರೊಳಗ ಗುಬ್ಬಿನೂ ನುಗ್ಗತದ. ಹೌದ್ರಿ, ನಮ್ಮ ಅಕ್ಕಿ-ಜ್ವಾಳ ಆರಿಸ್ಕೊಂಡು ತಿನ್ನೋ ಗುಬ್ಬೀನ! 1850ರ ದಶಕದಾಗ ಅದನ್ನ ಇಂಗ್ಲೆಂಡಿನಿಂದ ತಂದು ನ್ಯೂಯಾರ್ಕ್ ಕಡೆ ಬಿಟ್ಟಿದ್ರು, ಮುಂದ ಅದು ದೇಶಾನ ಆಕ್ರಮಿಸಿತು. ಇಲ್ಲಿ ಗುಬ್ಬಿ ಕಮ್ಮಿ ಆತು ಅಂತ ನಾವು ಅಳತೀವಿ, ಅಲ್ಲಿ ಅದು ಕಾಡೋ ಹಕ್ಕಿ.

ಗುಬ್ಬಿ ಹೋಗದಂಗ ತೂತು ಒಂದು ಇಂಚಿನೊಳಗ ಇಟ್ರ ಯಾರು ಬರ್ತಾರ? ಹೌಸ್ ರೆನ್. ಹತ್ತು ಗ್ರಾಮಿನ ಕಂದು ಹಕ್ಕಿ, ಬಾಲ ಎತ್ಕೊಂಡು ದಿನವಿಡೀ ಏನ ಹಾಡತದ ಅಂತೀರಿ! ಹಿಂಗಾಗಿ ಮನಿ ಮನಿಗೆ ರೆನ್ ಡಬ್ಬಿ ಬಂದ್ವು.

ಆಲ್ಥಿಯಾಬಾಯಿ ಅಂಗಳದಾಗೂ ರೆನ್ ಇತ್ತು. ಆಕಿ ಹಾಡಷ್ಟ ಕೇಳಲಿಲ್ಲ, ಹಾಡಿದಮ್ಯಾಲ ಅದು ಎಲ್ಲಿ ಹೋಗತದ ಅಂತನೂ ನೋಡಿದ್ಲು. ಅದು ಮಗ್ಗಲ ಗೂಡಿಗೆ ಹೋಗಿ ಬ್ಯಾರೆ ಹಕ್ಕಿ ತತ್ತಿ ಕುಕ್ಕಿ ತೂತು ಮಾಡತಿತ್ತು. ತಿನ್ನಲಿಕ್ಕೆ ಅಲ್ಲ, ಹಾಳು ಮಾಡಲಿಕ್ಕೆ. ಮ್ಯಾಲ ನಾಕು ಪೊಟರಿ ಹಿಡಿದು, ಇರದಿದ್ರೂ ಕಡ್ಡಿ ತುಂಬಿ ಇಡತದ, ನಮ್ಮ ಮಂದಿ ಪ್ಲಾಟ್ ಹಿಡಿದಂಗ. ಡಬ್ಬ್ಯಾಗ ಇರೋ ಹಕ್ಕಿಗಷ್ಟ ಅಲ್ಲ, ಗಿಡದ ಟೊಂಗಿ ಮ್ಯಾಲ ಬಟ್ಟಲದಂಥ ಗೂಡು ಕಟ್ಟೋ ಹಕ್ಕಿಗೂ ಇದರ ಕಾಟ. ಅವಕ್ಕ ಡಬ್ಬಿ ಬೇಕಾಗಿಲ್ಲ, ಪೊದೆ ಬೇಕು. ನಮ್ಮ ಪಿಕಳಾರದ ಹಂಗ. ಇಲ್ಲಿ ಡಬ್ಬಿ ಒಪ್ಪಿಕೊಳ್ಳೋ ಹಾಡುಗಾರ ಅಂದ್ರ ಪೊಟರ್ಯಾಗ ಇರೋ ಮಡಿವಾಳ ಹಕ್ಕಿ. ಸಿಂಪಿಗ ಎಲಿ ಹೊಲಕೊಂಡು ಇರೋ ಜಾತಿ, ಅದಕ್ಕ ಡಬ್ಬಿ ತೋರಿಸಿದ್ರ ನಗತದ.

1925ರಾಗ ಆಕಿ ವಿಲ್ಸನ್ ಬುಲೆಟಿನ್ ಅನ್ನೋ ಪತ್ರಿಕ್ಯಾಗ, ರೆನ್ ಡಬ್ಬಿ ಎಲ್ಲಾ ಇಳಸ್ರಿ ಅಂತ ತಲಿಬರಹ ಕೊಟ್ಟನ ಬರದ್ಲು. ಆಗ ಆಕಿಗೆ 71 ವರ್ಷ. ಜಗಳನ ಹತ್ತಿತು. ರೆನ್ ಪ್ರೀತಿ ಮಾಡೋರು ಸಿಟ್ಟಾದ್ರು. ಅದು ಇದ ನೆಲದ ಹಕ್ಕಿ, ಡಬ್ಬಿ ಬರೋ ಮುಂಚೇನೂ ಇತ್ತು ಅಂದ್ರು. ಅದೂ ಖರೇನ. ನನಗ ಕೇಳಿದ್ರ ಆಕಿ ಹಕ್ಕಿ ಮ್ಯಾಲ ಭಾಳ ಕಠೋರ ಆದ್ಲು, ಕಳ್ಳರ ಮ್ಯಾಲ ಸಾಕ್ಷಿ ಹೇಳಿಧಂಗ ಬರದ್ಲು. ಆದ್ರ ಒಂದ ಜಾತಿಗೆ ಸಾಲು ಸಾಲು ಮನಿ ಕಟ್ಟಿ ಕೊಟ್ಟವರು ಮನಶ್ಯಾರು, ಅದನ್ನ ಆಕಿ ಸರಿ ಹಿಡದಿದ್ಲು. ತತ್ತಿ ಕುಕ್ಕೋದು ಖರೆ ಅಂತ ಮುಂದ ಅಭ್ಯಾಸ ಮಾಡಿದವರೂ ಕಂಡಾರ. ಇವತ್ತಿಗೂ ಅಲ್ಲಿ ಬ್ಲೂಬರ್ಡ್ ಡಬ್ಬಿ ಹಾಕೋರು ಪೊದೆಯಿಂದ ನೂರು ಅಡಿಗೂ ದೂರ ಬಯಲಾಗ ಕಂಬಾ ನೆಡತಾರ, ಯಾಕಂದ್ರ ರೆನ್ನಿಗೆ ಬಯಲು ಸೇರೋದಿಲ್ಲ.

ಆಕಿ 1943ರಾಗ ತೀರಿಕೊಂಡ್ಲು. ಅಯೋವಾದ ಅಂಗಳದ ಹಕ್ಕಿಗಳು ಅನ್ನೋ ಅರ್ಥದ ಆಕಿ ಪುಸ್ತಕ ಅಚ್ಚಾಗಿದ್ದು 1952ರಾಗ, ಕಣ್ಣಿಂದ ನೋಡ್ಲಿಕ್ಕೆ ಆಗಲಿಲ್ಲ ಪಾಪ. ಹಿತ್ತಲದ ಗೋಪುರ ಮಾತ್ರ ಹಾಳಾಗಲಿಲ್ಲ. ತಿಳದವರು ಅದನ್ನ ಕಾಪಾಡಿ, ದುರಸ್ತಿ ಮಾಡಿ, ಬ್ಯಾರೆ ಜಾಗಾದಾಗ ಮತ್ತ ಎತ್ತಿ ನಿಲ್ಲಿಸ್ಯಾರ.