ರೊಟ್ಟಿ ಕಾಯುವವನೇ ದೊರೆ

ಮೊನ್ನೆ ಒಂದು ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಒಬ್ಬ ತಾಯಿ ಮಗನನ್ನು ಗದರಿಸುತ್ತಿದ್ದರು: "ಏನೋ, ದೊಡ್ಡ ಲಾರ್ಡ್ ಲಬಕ್‌ದಾಸನ ಥರ ಮೊಬೈಲ್ ಹಿಡಿದು ಕೂತಿದ್ದೀಯ? ಎದ್ದು ನಾಲ್ಕು ಎಲೆಗೆ ಅನ್ನ ಬಡಿಸು ಹೋಗು." ಲಬಕ್‌ದಾಸನನ್ನು ಬಿಡಿ, ನನಗೆ ಅಂಟಿಕೊಂಡದ್ದು ಲಾರ್ಡ್. ಕೈಕಾಲು ಆಡಿಸದೆ ಕೂತು ತಿನ್ನುವವನಿಗೆ ನಾವೀಗ ಕೊಟ್ಟಿರುವ ಹೆಸರು ಇದು. ಹುಟ್ಟಿದಾಗ ಇದು ಉಣ್ಣಿಸುವವನ ಹೆಸರಾಗಿತ್ತು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡಿಗೆ ಬರುವ ಮುಂಚೆ ಅಲ್ಲಿನವರು ಒಡೆಯನನ್ನು ‘ಹ್ಲಾಫೋರ್ಡ್’ ಎನ್ನುತ್ತಿದ್ದರು. ‘ಹ್ಲಾಫ್’ ಅಂದರೆ ರೊಟ್ಟಿ, ಇವತ್ತಿನ ಲೋಫ್. ಅದಕ್ಕೆ ಸೇರಿರುವುದು ಕಾವಲುಗಾರ ಎಂಬ ಮಾತು. ನಮ್ಮ ಹಾಸ್ಟೆಲ್ ವಾರ್ಡನ್ ಅದರ ನೆಂಟ. ನಾಲಿಗೆಯಲ್ಲಿ ಸವೆದು ಸವೆದು ಅದು ಲಾವರ್ಡ್ ಆಯಿತು, ಆಮೇಲೆ ಲಾರ್ಡ್. ಲೇಡಿ ಅಂದರೆ ರೊಟ್ಟಿಗೆ ಹಿಟ್ಟು ನಾದುವವಳು. ಮನೆಯ ಆಳು ‘ಹ್ಲಾಫ್‌ಏಟ’, ರೊಟ್ಟಿ ತಿನ್ನುವವನು. ಸುಮಾರು 600ರ ಹೊತ್ತಿಗೆ ಕೆಂಟ್‌ನ ದೊರೆ ಎಥೆಲ್‌ಬರ್ಟ್ ಬರೆಸಿದ ಕಾನೂನಿನಲ್ಲಿ, ಸಾಮಾನ್ಯ ಒಕ್ಕಲಿನವನ ಇಂಥ ಆಳನ್ನು ಕೊಂದರೆ 6 ಶಿಲ್ಲಿಂಗ್ ದಂಡ.

ಹ್ಲಾಫೋರ್ಡ್ ಹುಟ್ಟಿದ್ದು ತಿನ್ನುವವರ ಬಾಯಲ್ಲಿ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಹೊಗಳುವ ಕವಿಗಳು ಅದೇ ದೊರೆಯನ್ನು ಉಂಗುರ ಹಂಚುವವನು ಎಂದು ಹಾಡಿದರು. ಉಂಗುರ ಸಿಗದವರು, ಒಲೆಯ ಹೊಗೆ ನೋಡುತ್ತ ಹಟ್ಟಿಯಲ್ಲಿ ಕಾದವರು, ಅವನನ್ನು ರೊಟ್ಟಿಯ ಲೆಕ್ಕದಲ್ಲೇ ಅಳೆದರು. ಈ ಪದ ಸವೆಯದೆ ಪೂರ್ತಿಯಾಗಿ ಉಳಿದ ಒಂದು ಜಾಗವಿದೆ: ಹಳೆಯ ಇಂಗ್ಲಿಷಿಗೆ ತಂದ ಒಂದು ಕೀರ್ತನೆ. ಅಲ್ಲಿ ಈಜಿಪ್ಟಿನ ಅರಸ ಜೋಸೆಫನನ್ನು ತನ್ನ ಮನೆಗೆ ‘ರೊಟ್ಟಿಗಾವಲು’ ಮಾಡುತ್ತಾನೆ. ಏಳು ವರ್ಷದ ಬರಕ್ಕೆ ಮುಂಚೆಯೇ ಕಣಜ ತುಂಬಿಸಿದ ಅದೇ ಜೋಸೆಫ್! ಇದಕ್ಕಿಂತ ಒಪ್ಪುವ ಪದ ಅವನಿಗೆ ಇನ್ನೊಂದಿಲ್ಲ.

ಆಲ್ಫ್ರೆಡ್ ದೊರೆಯ ಕತೆಯನ್ನೂ ನಾನು ಇದೇ ಕಣ್ಣಿನಿಂದ ಓದುತ್ತೇನೆ. 878ರಲ್ಲಿ ವೈಕಿಂಗರಿಂದ ತಪ್ಪಿಸಿಕೊಂಡು ಅವನು ಎಥೆಲ್ನಿಯ ಜೌಗು ನೆಲದಲ್ಲಿ ಅಡಗಿದ್ದ. ಗುಡಿಸಲಿನ ಹೆಂಗಸೊಬ್ಬಳು ಒಲೆಯ ಮೇಲಿನ ರೊಟ್ಟಿ ನೋಡಿಕೋ ಎಂದು ಹೇಳಿ ಹೋದಳು. ಇವನು ರಾಜ್ಯದ ಚಿಂತೆಯಲ್ಲಿ ಮುಳುಗಿ ರೊಟ್ಟಿ ಸೀಯಿಸಿದ, ಅವಳಿಂದ ಚೆನ್ನಾಗಿ ಬೈಸಿಕೊಂಡ. ಈ ಕತೆ ಬರಹಕ್ಕೆ ಬಂದದ್ದು ನೂರು ವರ್ಷ ಕಳೆದ ಮೇಲೆ, ಹಾಗಾಗಿ ಚರಿತ್ರೆಕಾರರು ಇದನ್ನು ನಂಬುವುದಿಲ್ಲ. ನನಗೆ ಅದು ನಡೆದಿರಬೇಕೆಂದೇನೂ ಇಲ್ಲ. ರೊಟ್ಟಿ ಕಾಯಬೇಕಾದವನು ಕಾಯಲಿಲ್ಲ, ನಾದಿದವಳು ಕೇಳಿದಳು: ಲಾರ್ಡ್, ಲೇಡಿ ಎರಡೂ ಪದಗಳ ಅರ್ಥ ತಿಳಿದ ಜನರೇ ಕಟ್ಟಬಲ್ಲ ಕತೆ ಇದು.

ಇದೇ ಆಲ್ಫ್ರೆಡ್‌ನ ಕಾನೂನಿನಲ್ಲಿ ಬಹಳಷ್ಟು ತಪ್ಪುಗಳಿಗೆ ಹಣ ಕಟ್ಟಿ ಪಾರಾಗಬಹುದಿತ್ತು. ಒಡೆಯನಿಗೆ ಬಗೆದ ದ್ರೋಹಕ್ಕೆ ಮಾತ್ರ ಕ್ಷಮೆಯಿರಲಿಲ್ಲ. ಓದಿದಾಗ ನಮ್ಮಜ್ಜಿಯ ಗಾದೆ ನೆನಪಾಯಿತು: ಉಂಡ ಮನೆಯ ಜಂತೆ ಎಣಿಸಬಾರದು. ಕಾಂಕ್ರೀಟ್ ಸೂರಿನ ಕೆಳಗೆ ಹುಟ್ಟಿದವರಿಗೆ ಜಂತೆ ಏನೆಂದೇ ಗೊತ್ತಿಲ್ಲ. ಮಾಳಿಗೆ ಹೊರುವ ಮರದ ತೊಲೆಗಳವು. ಹಿಂದೆ ಊಟವಾದ ಮೇಲೆ ನೆಂಟರು ಪಡಸಾಲೆಯಲ್ಲೇ ಟವೆಲು ಮಡಿಸಿ ತಲೆಗಿಟ್ಟು ಮಲಗುತ್ತಿದ್ದರು. ಅಂಗಾತ ಮಲಗಿದವನಿಗೆ ಕಾಣುವುದು ಜಂತೆ. ಎಣಿಸಿದರೆ ಮನೆ ಎಷ್ಟು ಅಂಕಣದ್ದು, ಮರ ತೇಗವೋ ಹಲಸೋ, ಅಟ್ಟದಲ್ಲಿ ಎಷ್ಟು ಮೂಟೆ ಹಿಡಿಸೀತು, ಎಲ್ಲ ಗೊತ್ತಾಗುತ್ತದೆ. ಕನ್ನ ಹಾಕುವವನಿಗೆ ಅದು ಲೆಕ್ಕ, ಅಸೂಯೆಯವನಿಗೆ ಅದು ಹೊಟ್ಟೆಯುರಿ. ಗಾದೆ ಎರಡನ್ನೂ ತಡೆಯುತ್ತದೆ. ಆದರೆ ಅಜ್ಜಿ ಅಲ್ಲಿಗೇ ನಿಲ್ಲಿಸುತ್ತಿರಲಿಲ್ಲ. "ಎಣಿಸೋ ಹಂಗೆ ಬಡಿಸಲೂಬಾರದು" ಎಂದು ಸೇರಿಸುತ್ತಿದ್ದರು. ಹೊಟ್ಟೆ ತುಂಬಿದವನಿಗೆ ನಿದ್ದೆ ಬರುತ್ತದೆ. ಅರೆಹೊಟ್ಟೆಯವನೇ ಎಚ್ಚರವಿದ್ದು ಜಂತೆ ಎಣಿಸುವುದು. ಅಜ್ಜಿಯ ಆ ಅರ್ಧಕ್ಕೂ ಹ್ಲಾಫೋರ್ಡ್ ಪದಕ್ಕೂ ನಡುವೆ ಕೂದಲೆಳೆಯಷ್ಟೂ ಅಂತರವಿಲ್ಲ. ಉಂಡವನ ನಿಯತ್ತು ಕೇಳುವ ಮುಂಚೆ ಉಣ್ಣಿಸುವವನು ತನ್ನ ಕೆಲಸ ಮಾಡಿರಬೇಕು. ಹಳಗನ್ನಡದ ವೀರರು ‘ಜೋಳದ ಪಾಳಿ’ ಎಂದು ಹೇಳಿ ಒಡೆಯನಿಗಾಗಿ ಪ್ರಾಣ ಕೊಟ್ಟದ್ದೂ ಕಾಳಿನ ಋಣಕ್ಕೇ. ಅಲ್ಲೂ ಮೊದಲು ಜೋಳ, ಆಮೇಲೆ ಪಾಳಿ.

ಇಷ್ಟು ಭಾರದ ಪದ ಈಗ ನಮ್ಮಲ್ಲಿ ಉಳಿದಿರುವುದು ಬೈಗುಳದಲ್ಲಿ ಮತ್ತು ಕೋರ್ಟಿನಲ್ಲಿ. ‘ಮೈ ಲಾರ್ಡ್’ ವಸಾಹತು ಕಾಲದ ಪಳೆಯುಳಿಕೆ ಎಂದು ಭಾರತೀಯ ವಕೀಲರ ಪರಿಷತ್ತು 2006ರಲ್ಲೇ ಹೇಳಿತು. 2021ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಗಳಿಬ್ಬರು ‘ಸರ್’, ‘ಮೇಡಂ’ ಸಾಕು ಎಂದರು. ಹೋಗಲಿ, ನ್ಯಾಯಾಧೀಶರ ಕೆಲಸ ನ್ಯಾಯ ಕೊಡುವುದು, ಅನ್ನ ಹಾಕುವುದಲ್ಲ. ನನ್ನ ಬೇಸರ ‘ಬಾಸ್’ ಮೇಲೆ. ಆಟೋದವರು, ಹೋಟೆಲಿನ ಹುಡುಗರು, ಅಂಗಡಿಯವರು, ಎಲ್ಲರೂ ಈಗ ಒಬ್ಬರಿಗೊಬ್ಬರು ಬಾಸ್. ‘ಧಣಿ’ ಎಂದಾಗ ಕರೆದವನಿಗೂ ಕರೆಸಿಕೊಂಡವನಿಗೂ ಒಂದು ಹೊಣೆ ಬೀಳುತ್ತಿತ್ತು. ಬಾಸ್ ಯಾರ ಮೇಲೂ ಯಾವ ಹೊಣೆಯನ್ನೂ ಹೊರಿಸುವುದಿಲ್ಲ.

ಒಂದು ಪದದ ವಿಷಯದಲ್ಲಿ ಮಾತ್ರ ಕನ್ನಡಿಗರು ಸರಿಯಾಗಿ ನಡೆದುಕೊಂಡಿದ್ದಾರೆ. ಹಳೆಯ ಸಿನಿಮಾಗಳಲ್ಲಿ ಕೆಲಸದವನು ಕೈಮುಗಿದು ಯಜಮಾನನನ್ನು ‘ಅನ್ನದಾತ’ ಎನ್ನುತ್ತಿದ್ದ. ಇವತ್ತು ಪತ್ರಿಕೆಯಲ್ಲಿ ಅನ್ನದಾತ ಎಂದು ಓದಿದರೆ ನಮಗೆ ರೈತ ಬಿಟ್ಟು ಬೇರೆ ಯಾರೂ ಕಣ್ಣಿಗೆ ಬರುವುದಿಲ್ಲ. ಇಂಗ್ಲಿಷಿನ ಪದ ಒಲೆಯ ಬದಿಯಿಂದ ಎದ್ದು ಪ್ರಭುಗಳ ಸಭೆಗೆ ಹೋಗಿ ರೊಟ್ಟಿಯನ್ನು ಮರೆಯಿತು. ನಮ್ಮದು ಯಜಮಾನನ ಕುರ್ಚಿಯಿಂದ ಇಳಿದು ಹೊಲಕ್ಕೆ ಬಂತು. ಹೀಗೆ ಇಳಿದು ಬಂದ ಪದವನ್ನು ವೇದಿಕೆಯ ಭಾಷಣಕ್ಕೆ, ಶಾಲು ಹೊದಿಸುವುದಕ್ಕೆ ಬಳಸಿ ಸವೆಸಬೇಡಿ. ಬಳಸುವುದಿದ್ದರೆ, ಬೆಳೆಗೆ ಬೆಲೆ ಗೊತ್ತುಮಾಡುವ ಮಾರುಕಟ್ಟೆಯಲ್ಲಿ ಗಟ್ಟಿಯಾಗಿ ಬಳಸಿ.