ವಿಷಯವಾರು ಓದು–ಬರಹ (ತೆಂಗಿನ ಸೀಮೆಯಲ್ಲಿ)

ವಿಜ್ಞಾನ, ಗಣಿತ, ಚರಿತ್ರೆ ಮೊದಲಾದ ಪಾಠಗಳನ್ನು ಆಯಾ ಶಾಸ್ತ್ರ ಬಲ್ಲವರು ಓದುವ, ಬರೆಯುವ, ವಾದಿಸುವ ರೀತಿಯಲ್ಲೇ ಓದಿ ಬರೆಯಲು ಶಾಲಾಮಕ್ಕಳನ್ನು ಪಳಗಿಸುವ ಬೋಧನಾಕ್ರಮ. ಅಮೆರಿಕದ ತಿಮೊಥಿ ಮತ್ತು ಸಿಂಥಿಯಾ ಶಾನಹನ್ 2008ರಲ್ಲಿ ಪ್ರಕಟಿಸಿದ ಲೇಖನದಿಂದ ಇದು ಹೆಚ್ಚು ಪ್ರಚಾರಕ್ಕೆ ಬಂತು. ಶಾಸ್ತ್ರವನ್ನು ಕನ್ನಡದಲ್ಲಿ ಹೇಳುವುದು ಹೇಗೆಂಬ ಚಿಂತೆ ಅದಕ್ಕಿಂತ ಸುಮಾರು ನೂರು ವರ್ಷ ಹಳೆಯದು. ಅದನ್ನು ಹೊತ್ತವರಲ್ಲಿ ಮೂವರು ತುಮಕೂರು ಜಿಲ್ಲೆಯವರೇ.

ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯ 1911ರಲ್ಲಿ ಧಾರವಾಡದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸ ಕೊಟ್ಟರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು. ಪತ್ರಿಕೆ ಬಾಳಿದ್ದು ಎರಡೇ ವರ್ಷ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ. ಶ್ರೀಕಂಠಯ್ಯ (1906–1966) ‘ಕನ್ನಡ ಮಧ್ಯಮ ವ್ಯಾಕರಣ’ ಬರೆದರು. ಸಂವಿಧಾನದ ಪರಿಭಾಷೆ ರೂಪಿಸುವ ಕೆಲಸದಲ್ಲೂ ಇದ್ದರು. ‘ರಾಷ್ಟ್ರಪತಿ’ ಅವರು ಕೊಟ್ಟ ಪದವೆಂದು ಈ ಸೀಮೆಯವರು ಹೆಮ್ಮೆಯಿಂದ ಹೇಳುತ್ತಾರೆ. ಕಾಂಗ್ರೆಸ್ ಅಧ್ಯಕ್ಷರನ್ನು ಸ್ವಾತಂತ್ರ್ಯಕ್ಕೆ ಮೊದಲೇ ಹಾಗೆ ಕರೆಯುತ್ತಿದ್ದುದೂ ಉಂಟು.

ಆ ತಲೆಮಾರಿನ ಶ್ರಮ ಬಹುಪಾಲು ಪದ ಹುಡುಕುವುದರಲ್ಲಿ ಹೋಯಿತು. ಅದು ಆಗಲೇಬೇಕಿದ್ದ ಕೆಲಸ. ಆದರೆ ಶಾಲೆಗಳು ಪದಪಟ್ಟಿಯನ್ನು ಬಾಯಿಪಾಠ ಮಾಡಿಸಿ ಅಲ್ಲಿಗೇ ನಿಂತವು. ವಾಕ್ಯವನ್ನು ಅವು ಕೈಗೆತ್ತಿಕೊಳ್ಳಲಿಲ್ಲ. ‘ಬಾಲ ವಿಜ್ಞಾನ’ ಪತ್ರಿಕೆ (1978), ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು (1980) ತರಗತಿಯ ಹೊರಗೆ ಓದುವ ರುಚಿ ಹತ್ತಿಸಿದವು. ಶಿಕ್ಷಕ ಶಿಕ್ಷಣದ 2014ರ ನಿಯಮಾವಳಿಯ ನಂತರ ಎರಡು ವರ್ಷದ ಬಿ.ಎಡ್.ನಲ್ಲಿ, ಭಾಷೆ ಎಲ್ಲ ವಿಷಯಗಳಲ್ಲೂ ಹೇಗೆ ಕೆಲಸ ಮಾಡುತ್ತದೆಂಬುದು ಪ್ರತ್ಯೇಕ ಪತ್ರಿಕೆಯಾಗಿ ಸೇರಿತು. 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದಾಗ ದ್ವಿಭಾಷಾ ಪಠ್ಯಪುಸ್ತಕಗಳೂ ಬಂದವು.

ತೆಂಗಿನ ಸೀಮೆಯಾದ ತಿಪಟೂರು ಕಡೆಯ ಮಗುವಿಗೆ ಪದದ ಬರವಿಲ್ಲ. ಹೊಂಬಾಳೆ, ಎಳನೀರು, ಕರಟ, ನಾರು, ಗಿಟುಕು ಎಲ್ಲ ಮನೆಯಂಗಳದ್ದೇ. ‘ಕಾಯನ್ನ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಟ್ರೆ ನೀರು ಇಂಗಿ ಗಿಟುಕಾಗುತ್ತೆ, ಅಲ್ಲಾಡಿಸಿದ್ರೆ ಗೊತ್ತಾಗುತ್ತೆ’ ಎಂದು ಅದು ಸಲೀಸಾಗಿ ಹೇಳೀತು. ಪಠ್ಯದ ದಾರಿ ಬೇರೆ. ಅಲ್ಲಿ ಎಳನೀರೂ ತಿರುಳೂ ಒಂದೇ ಭ್ರೂಣಾಹಾರದ ಎರಡು ರೂಪ, ಒಂದು ದ್ರವ, ಇನ್ನೊಂದು ಘನ. ಕಾಯಿಟ್ಟವರು ವಾಕ್ಯದಿಂದ ಮಾಯವಾಗಿ, ‘ಇಂಗುವುದು’ ಎಂಬ ಕ್ರಿಯೆ ‘ತೇವಾಂಶದ ಇಳಿಕೆ’ ಎಂಬ ವಸ್ತುವಾಗುತ್ತದೆ. ಮನೆಮಾತಿನಿಂದ ಈ ವಾಕ್ಯಕ್ಕೆ ಹತ್ತಿ ಇಳಿಯುವುದನ್ನು ಮೇಷ್ಟ್ರು ಹಲಗೆಯ ಮೇಲೆ ಮಾಡಿ ತೋರಿಸುವುದೇ ಈ ಕ್ರಮದ ತಿರುಳು.

ಚರಿತ್ರೆಗೆ ಇಲ್ಲಿ ಊರೂರಿನಲ್ಲೂ ಸಾಮಗ್ರಿಯಿದೆ. ಅರಳಗುಪ್ಪೆ, ತುರುವೇಕೆರೆಗಳ ಗುಡಿಗಳಿವೆ. ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲೇ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ ಅಚ್ಚು ಹಾಕಿಸಿದ್ದಾರೆ. ಕಲ್ಲು ಹೇಳಿದ್ದನ್ನೆಲ್ಲ ನಂಬದೆ, ದತ್ತಿ ಬಿಟ್ಟವರು ಯಾರು, ಬರೆಸಿದ್ದರಿಂದ ಅವರಿಗೇನು ಲಾಭ ಎಂದು ಕೇಳುವುದು ಆ ವಿಷಯದ ಓದು.

ಗಣಿತದಲ್ಲಿ ತೊಡಕು ಕನ್ನಡದ್ದೇ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಇತ್ತು. ಆ ದರ ‘ಶೇ 20ರಷ್ಟು ಇಳಿಯಿತು’ ಅಂದರೆ 9,600. ‘ಶೇ 20ಕ್ಕೆ ಇಳಿಯಿತು’ ಅಂದರೆ 2,400. ಲೆಕ್ಕ ನಿಂತಿರುವುದು ‘ರಷ್ಟು’, ‘ಕ್ಕೆ’ ಎಂಬ ಬಾಲಗಳ ಮೇಲೆ. ಅವನ್ನು ಕಲಿಸುವುದು ಕನ್ನಡದ ಪಿರಿಯಡ್ಡಿನಲ್ಲಿ, ಶೇಕಡಾವಾರು ಲೆಕ್ಕವನ್ನು ಇನ್ನೊಂದು ಪಿರಿಯಡ್ಡಿನಲ್ಲಿ, ಬೇರೆ ಮೇಷ್ಟ್ರು.